ಶೋಧಗಂಗೆಯಲ್ಲಿ ಮುಳುಗಿದ ಶಾಸನಗಳು

ಒಂದು ಕೆರೆ ಏರಿಯ ಮೇಲೆ ವೀರಗಲ್ಲೊಂದಿತ್ತು. ಈಗ ಅದರ ಕೆಳಗಿನ ಅರ್ಧ ಮಾತ್ರ ಉಳಿದಿದೆ. ಏರಿ ಅಗಲ ಮಾಡುವಾಗ ಜೆಸಿಬಿ ತಾಗಿ ಮೇಲ್ಭಾಗ ಒಡೆಯಿತಂತೆ, ಚೂರುಗಳು ಏರಿಯ ಮಣ್ಣಿಗೇ ಸೇರಿಹೋದವಂತೆ. ಉಳಿದ ಭಾಗದಲ್ಲಿ ಕಾಳಗದ ಪಟ್ಟಿಕೆ ಇದೆ, ಅದರ ಮೇಲಿನ ದಿಂಡಿನಲ್ಲಿ ಮೂರು ಸಾಲು ಅಕ್ಷರ ಇದೆ. ಅಕ್ಷರದ ಮೋಡಿ ನೋಡಿದರೆ ಹನ್ನೆರಡನೇ ಶತಮಾನ ಅನ್ನಬಹುದು. ತುರುಗೊಳ್ ಕಾಳಗ ಅನ್ನುವಷ್ಟು ಗೊತ್ತಾಗುತ್ತದೆ. ಸತ್ತವನು ಯಾರು, ಕಲ್ಲು ನಿಲ್ಲಿಸಿದವರು ಯಾರು ಅನ್ನುವುದೆಲ್ಲ ಒಡೆದುಹೋದ ಮೇಲಿನ ದಿಂಡಿನಲ್ಲಿತ್ತು. (ಊರಿನ ಹೆಸರನ್ನು ಬೇಕೆಂತಲೇ ಬರೆದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.)

ಎಪಿಗ್ರಾಫಿಯ ಕರ್ನಾಟಿಕದಲ್ಲಿ ಹುಡುಕಿದೆ, ಇಲ್ಲ. ಮೈಸೂರು ಪುರಾತತ್ವ ಇಲಾಖೆಯ ಹಳೆಯ ವರದಿಗಳಲ್ಲೂ ಇಲ್ಲ. ಕೊನೆಗೆ ಊರಿನ ಹಿರಿಯರೊಬ್ಬರು, "ಸುಮಾರು ಇಪ್ಪತ್ತೈದು ವರ್ಷದ ಹಿಂದೆ ಪಿಎಚ್.ಡಿ. ಮಾಡೋರೊಬ್ಬರು ಬಂದಿದ್ರು ಸಾರ್. ಕಲ್ಲು ತೊಳೆದು, ಒದ್ದೆ ಕಾಗದ ಅಂಟಿಸಿ, ಮಸಿ ಬಡಕೊಂಡು ಹೋದ್ರು" ಅಂದರು. ಅಂದರೆ ಪಡಿಯಚ್ಚು ಆಗಿದೆ, ಓದಿಯೂ ಆಗಿದೆ. ಎಲ್ಲೋ ಒಂದು ಮಹಾಪ್ರಬಂಧದ ಅನುಬಂಧದಲ್ಲಿ ಆ ಪಾಠ ಇರಲೇಬೇಕು.

ಇತ್ತು. ಜಾಲದ ಒಂದು ಭಂಡಾರದಲ್ಲೇ ಇತ್ತು, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ. ಆದರೆ ನನಗೆ ಸಿಕ್ಕಿದ್ದು ಮೂರು ಸಂಜೆಗಳಾದ ಮೇಲೆ. ಊರಿನ ಹೆಸರು ಕೊಟ್ಟರೆ ಸೊನ್ನೆ, 'ವೀರಗಲ್ಲು' ಅಂತ ಕೊಟ್ಟರೂ ಅದು ಬರಲಿಲ್ಲ. ಆ ಸೀಮೆಯ ಮೇಲೆ ಬಂದಿರಬಹುದಾದ ಪ್ರಬಂಧಗಳನ್ನು ಶೀರ್ಷಿಕೆ ನೋಡಿ ಊಹಿಸಿ, ಒಂದೊಂದರ ಅಧ್ಯಾಯದ ಫೈಲುಗಳನ್ನೂ ತೆರೆದು ಕಣ್ಣಲ್ಲೇ ಹುಡುಕಬೇಕಾಯಿತು. ಕೊನೆಗೆ ಅನುಬಂಧದಲ್ಲಿ ಹದಿನಾಲ್ಕು ಸಾಲಿನ ಪಾಠ ಸಿಕ್ಕಿತು. ಆರನೇ ಸಾಲಿನಲ್ಲಿ ವೀರನ ಹೆಸರು: ಕಾಮಗಾವುಂಡ.

ಸಂತೋಷವಾಯಿತು. ಆಮೇಲೆ ಅನುಮಾನ ಬಂತು. ಆ ಕಾಲದ ಲಿಪಿಯಲ್ಲಿ 'ಮ'ಕ್ಕೂ 'ವ'ಕ್ಕೂ ಎಷ್ಟು ಅಂತರ ಅಂತ ಈ ಪುಟ ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾಮಗಾವುಂಡನೋ ಕಾವಗಾವುಂಡನೋ? ಪಕ್ಕದ ಊರಿನ ಒಂದು ದಾನಶಾಸನದಲ್ಲಿ ಕಾವಗಾವುಂಡ ಅನ್ನುವವನೊಬ್ಬ ಇದ್ದಾನೆ. ಇಬ್ಬರೂ ಒಬ್ಬರೇ ಆದರೆ ಆ ಮನೆತನದ ಎರಡು ತಲೆಮಾರಿನ ಕಥೆ ಕೂಡಿಕೊಳ್ಳುತ್ತದೆ. ಫೋಟೋ ನೋಡೋಣ ಅಂತ ಚಿತ್ರಪಟದ ಪುಟ ತೆರೆದೆ. ಅಲ್ಲಿ ಇದ್ದದ್ದು ಒಂದು ಕಪ್ಪು ಚೌಕ. ಅದರ ಕೆಳಗೆ ನೀಟಾಗಿ 'ಚಿತ್ರ 23' ಅಂತ ಬರೆದಿತ್ತು.

ಈ ಬರಹ ಆ ಕಪ್ಪು ಚೌಕದ ಬಗ್ಗೆ.

ಮೊದಲು ಒಳ್ಳೆಯದನ್ನೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಮಹಾಪ್ರಬಂಧಗಳು ಜಾಲಕ್ಕೆ ಬರುವ ಮುಂಚೆ ಇಂಥದ್ದೊಂದನ್ನು ನೋಡಬೇಕಾದರೆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೇ ಹೋಗಬೇಕಿತ್ತು, ಯಾರದಾದರೂ ಪರಿಚಯ ಪತ್ರ ತೋರಿಸಬೇಕಿತ್ತು. ಒಳಗೆ ಕೂತು ಕೈಯಲ್ಲಿ ಬರೆದುಕೊಳ್ಳಬೇಕಿತ್ತು, ಜೆರಾಕ್ಸ್ ಬೇಕೆಂದರೆ ಇಷ್ಟೇ ಪುಟ ಅಂತ ಮಿತಿ. ನನ್ನಂಥ ಹವ್ಯಾಸಿಗೆ, ಬ್ಯಾಂಕೋ ಶಾಲೆಯೋ ಕೆಲಸ ಮಾಡಿಕೊಂಡು ಭಾನುವಾರ ಊರೂರು ಸುತ್ತುವವರಿಗೆ, ಅದು ಹೆಚ್ಚುಕಡಿಮೆ ಮುಚ್ಚಿದ ಬಾಗಿಲು. ಯುಜಿಸಿ 2009ರ ಪಿಎಚ್.ಡಿ. ನಿಯಮಾವಳಿಯಲ್ಲಿ ಮಹಾಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಕೊಡಬೇಕು ಅಂತ ಮಾಡಿತು. ಅದನ್ನು ಹಿಡಿದಿಡಲು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಶೋಧಗಂಗಾ ಭಂಡಾರವನ್ನು ಕಟ್ಟಿತು. ಇವತ್ತು ಲಕ್ಷಗಟ್ಟಲೆ ಮಹಾಪ್ರಬಂಧಗಳು ಅಲ್ಲಿವೆ, ಕಾಸು ಕೇಳುವುದಿಲ್ಲ. ಕನ್ನಡ, ಇತಿಹಾಸ, ಪುರಾತತ್ವ ವಿಭಾಗಗಳಲ್ಲಿ ಶಾಸನಗಳ ಮೇಲೆ ನಡೆದ ಕೆಲಸ ಅಲ್ಲಿ ರಾಶಿ ಇದೆ. ಒಂದೊಂದು ತಾಲ್ಲೂಕಿನ ಶಾಸನಗಳ ಸಾಂಸ್ಕೃತಿಕ ಅಧ್ಯಯನ, ವೀರಗಲ್ಲು ಮಾಸ್ತಿಗಲ್ಲು ಸಮೀಕ್ಷೆ, ದೇವಾಲಯಗಳು, ಮನೆತನಗಳು. ಇದು ಸಣ್ಣ ಕೆಲಸ ಅಲ್ಲ.

ಈ ವಿಷಯದಲ್ಲಿ ಕರ್ನಾಟಕಕ್ಕೆ ಒಂದು ಹಿರಿತನವೂ ಇದೆ. ಭಾರತದ ಮೊದಲ ಸಾಂಸ್ಥಿಕ ಸಂಶೋಧನಾ ಭಂಡಾರ ಅಂತ ಸಾಮಾನ್ಯವಾಗಿ ಹೇಳುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2002ರಲ್ಲಿ ಶುರುವಾದ ಇಪ್ರಿಂಟ್ಸ್ ಭಂಡಾರವನ್ನು. ಅದಕ್ಕೂ ಮುಂಚೆ, 2000ದಲ್ಲೇ, ಮೈಸೂರು ವಿಶ್ವವಿದ್ಯಾಲಯದ ಗ್ರಂಥಾಲಯ ವಿಜ್ಞಾನ ವಿಭಾಗದಲ್ಲಿ 'ವಿದ್ಯಾನಿಧಿ' ಅನ್ನುವ ಮಹಾಪ್ರಬಂಧಗಳ ಡಿಜಿಟಲ್ ಯೋಜನೆ ಮೊದಲಾಗಿತ್ತು. ಆ ತಂಡ ಯೂನಿಕೋಡ್ ಬಳಸಿ ಕನ್ನಡ ಮತ್ತು ಹಿಂದಿ ಪ್ರಬಂಧಗಳ ವಿವರಗಳನ್ನು ಆಯಾ ಲಿಪಿಯಲ್ಲೇ ದಾಖಲಿಸಿ ಹುಡುಕುವುದು ಹೇಗೆ ಅಂತ ಪ್ರಯೋಗ ಮಾಡಿ ಪ್ರಬಂಧವನ್ನೂ ಪ್ರಕಟಿಸಿತ್ತು. ಇಷ್ಟು ಹಿಂದೆಯೇ ಮೈಸೂರಿನಲ್ಲಿ ಯೋಚಿಸಿದ್ದನ್ನು ಇವತ್ತಿಗೂ ನಾವು ಪೂರ್ತಿ ಮಾಡಿ ಮುಗಿಸಿಲ್ಲ ಅನ್ನುವುದು ನನಗೆ ಬೇಸರದ ವಿಷಯ.

ಈಗ ಬೈಗುಳಕ್ಕೆ ಬರೋಣ.

ಕನ್ನಡದ ಮಹಾಪ್ರಬಂಧಗಳಲ್ಲಿ ಬಹಳಷ್ಟು ಡಿಟಿಪಿ ಅಂಗಡಿಯಲ್ಲಿ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟಿನಲ್ಲಿ ಕೂಡಿಸಿದವು. ಅಂಥ ಪಿಡಿಎಫ್ ತೆರೆದರೆ ಕಣ್ಣಿಗೆ ಚಂದದ ಕನ್ನಡ ಕಾಣುತ್ತದೆ. ಒಂದು ಸಾಲನ್ನು ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಿ, ಇಂಗ್ಲಿಷ್ ಅಕ್ಷರಗಳ ನೆತ್ತಿಯ ಮೇಲೆ ಗೀಟು ಬೊಟ್ಟು ಇಟ್ಟ ಕಲಸುಮೇಲೋಗರ ಬರುತ್ತದೆ. 'ಕನ್ನಡ' ಅನ್ನುವ ಪದದ ನಡುವೆ ಇಂಗ್ಲೆಂಡಿನ ಪೌಂಡ್ ಚಿಹ್ನೆ ಕೂತಿರುತ್ತದೆ, ಯಾಕೆಂದರೆ ನುಡಿಯಂಥ ಫಾಂಟುಗಳಲ್ಲಿ 'ನ'ಕಾರದ ಆಕಾರವನ್ನು ಆ ಚಿಹ್ನೆಯ ಜಾಗದಲ್ಲಿ ಇಟ್ಟಿದ್ದಾರೆ. ಕಂಪ್ಯೂಟರಿಗೆ ಅದು ಕನ್ನಡವೇ ಅಲ್ಲ. ಹಾಗಾಗಿ ನೀವು 'ವೀರಗಲ್ಲು' ಅಂತ ಎಷ್ಟು ಸಲ ಹುಡುಕಿದರೂ ಸಿಗುವುದಿಲ್ಲ, ಒಳಗೆ ನೂರು ಸಲ ಆ ಪದ ಇದ್ದರೂ ಸಿಗುವುದಿಲ್ಲ. ಇನ್ನು ಟೈಪ್‌ರೈಟರ್ ಕಾಲದ ಪ್ರಬಂಧಗಳು ಬರೀ ಪುಟದ ಫೋಟೋ. ಅವುಗಳಲ್ಲಿ ಱ, ೞಗಳನ್ನು ಪೆನ್ನಿನಲ್ಲಿ ತಿದ್ದಿದ್ದೂ ಉಂಟು.

ೞ ಅಂದಾಗ ನೆನಪಾಯಿತು. ಯೂನಿಕೋಡಿನಲ್ಲಿ ನಮ್ಮ ಈ ಹಳೆಗನ್ನಡದ ೞಕ್ಕೆ ಜಾಗ ಕೊಡುವಾಗ ಹೆಸರು ತಪ್ಪಾಗಿ 'ಕನ್ನಡ ಲೆಟರ್ ಫಾ' ಅಂತ ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದು ಅನ್ನುವುದು ಅವರ ನಿಯಮ, ಆದ್ದರಿಂದ ಪಕ್ಕದಲ್ಲಿ ಸರಿಯಾದ ಹೆಸರು ಸೇರಿಸಿ ಹಾಗೇ ಬಿಟ್ಟಿದ್ದಾರೆ. ಹೆಸರು ಏನೇ ಇರಲಿ, ಅಕ್ಷರ ಅಂತೂ ಇದೆ. ಆದರೂ ಎಷ್ಟೋ ಪ್ರಬಂಧಗಳ ಶಾಸನಪಾಠದಲ್ಲಿ ೞ ಇದ್ದಲ್ಲಿ ಳ, ಱ ಇದ್ದಲ್ಲಿ ರ ಬಂದು ಕೂತಿವೆ. ಕೀಲಿಮಣೆಯಲ್ಲಿ ಸಿಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ. ಭಾಷೆಯ ಕಾಲ ಹೇಳುವ ಸಾಕ್ಷಿಯನ್ನೇ ಡಿಟಿಪಿಯವರು ಅಳಿಸಿಹಾಕಿದಂತಾಯಿತು.

ಫಾಂಟಿನ ತೊಂದರೆಗೆ ಮದ್ದಾದರೂ ಇದೆ. ಹಳೆಯ ಕಡತವನ್ನು ಯೂನಿಕೋಡಿಗೆ ಬದಲಾಯಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ಅಚ್ಚಾದ ಕನ್ನಡವನ್ನು ಗುರುತಿಸಿ ಓದುವ ತಂತ್ರಾಂಶಗಳೂ ಈಗ ಚೆನ್ನಾಗಿವೆ. ನನ್ನ ದೊಡ್ಡ ತಕರಾರು ಚಿತ್ರಗಳದ್ದು. ಗಾತ್ರ ಚಿಕ್ಕದಾಗಲಿ ಅಂತಲೋ ಏನೋ, ಇಡೀ ಪ್ರಬಂಧವನ್ನು ಕಪ್ಪು ಬಿಳುಪು ಎರಡೇ ಬಣ್ಣದಲ್ಲಿ ಸ್ಕ್ಯಾನ್ ಮಾಡಿಬಿಡುತ್ತಾರೆ. ಅಕ್ಷರದ ಪುಟಕ್ಕೆ ಅದು ನಡೆಯುತ್ತದೆ. ಪಡಿಯಚ್ಚಿನ ಫೋಟೋಕ್ಕೆ ಬಂದಾಗ ಮಸಿಯ ಹದವೆಲ್ಲ ಒಂದೇ ಕಪ್ಪಾಗಿ, ಕಲ್ಲಿನ ಬಿರುಕು ಯಾವುದು ಉಳಿ ಏಟು ಯಾವುದು ತಿಳಿಯದ ಹಾಗಾಗುತ್ತದೆ. ಬಿಸಿಲಲ್ಲಿ ಕಲ್ಲು ತಿಕ್ಕಿ ತೊಳೆದು, ಗಾಳಿ ಬೀಸದ ಹೊತ್ತು ಕಾದು ಪಡಿಯಚ್ಚು ತೆಗೆದವರ ಇಡೀ ದಿನದ ಕೆಲಸ, ಸ್ಕ್ಯಾನರಿನ ಒಂದು ಗುಂಡಿಯಲ್ಲಿ ಹೋಯಿತು.

ಇದು ಯಾಕೆ ಅಷ್ಟು ಮುಖ್ಯ ಅಂದರೆ, ಶಾಸನಶಾಸ್ತ್ರದಲ್ಲಿ ಪಾಠ ಅನ್ನುವುದು ಒಬ್ಬರ ಅಭಿಪ್ರಾಯ. ಸಾಕ್ಷಿ ಇರುವುದು ಕಲ್ಲಿನಲ್ಲಿ, ಕಲ್ಲು ಇಲ್ಲದಿದ್ದರೆ ಪಡಿಯಚ್ಚಿನಲ್ಲಿ. ಹಲ್ಮಿಡಿ ಶಾಸನವನ್ನೇ ತಗೊಳ್ಳಿ. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಮೇಲೆ ಅದರ ಕಾಲ, ಪಾಠ, ಅರ್ಥಗಳ ಬಗ್ಗೆ ತಲೆಮಾರುಗಟ್ಟಲೆ ಚರ್ಚೆ ನಡೆಯಿತು, ಈಗಲೂ ನಡೆಯುತ್ತಿದೆ. ಕಲ್ಲು ಉಳಿದಿದೆ, ಅದರ ಅಚ್ಚು ನೋಡಲು ಸಿಗುತ್ತದೆ, ಹಾಗಾಗಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒರೆಗೆ ಹಚ್ಚಬಹುದು. ನನ್ನ ಕೆರೆ ಏರಿಯ ವೀರಗಲ್ಲಿಗೆ ಆ ಭಾಗ್ಯ ಇಲ್ಲ. ಮೇಲಿನ ದಿಂಡು ಮಣ್ಣಾಗಿದೆ. ಪ್ರಬಂಧದಲ್ಲಿ ಇರುವ ಒಂದು ಟೈಪಾದ ಅಕ್ಷರವನ್ನು ನಂಬಬೇಕು, ಇಲ್ಲವೇ ಬಿಡಬೇಕು.

'ಮುಕ್ತ ಪ್ರವೇಶ' ಅಂದರೆ ಏನು ಅನ್ನುವ ಪ್ರಶ್ನೆ ಇಲ್ಲಿ ಬರುತ್ತದೆ. 2002ರ ಬುಡಾಪೆಸ್ಟ್ ಹೇಳಿಕೆ ಮುಖ್ಯವಾಗಿ ವಿದ್ವತ್ ಲೇಖನಗಳನ್ನು ಯಾರು ಬೇಕಾದರೂ ಓದಿ, ಇಳಿಸಿಕೊಂಡು, ಬಳಸುವಂತಿರಬೇಕು ಅಂದಿತು. ಮರುವರ್ಷ, 2003ರ ಅಕ್ಟೋಬರಿನಲ್ಲಿ ಬಂದ ಬರ್ಲಿನ್ ಘೋಷಣೆ ಮಾನವಿಕ ವಿಷಯಗಳನ್ನೂ ಸಾಂಸ್ಕೃತಿಕ ಪರಂಪರೆಯನ್ನೂ ಜೊತೆಗೆ ತಂದಿತು. ಮೂಲ ದತ್ತಾಂಶ, ಆಕರ ಸಾಮಗ್ರಿ, ಚಿತ್ರಗಳ ಡಿಜಿಟಲ್ ರೂಪ ಇವೆಲ್ಲ ಮುಕ್ತವಾಗಬೇಕಾದ್ದರಲ್ಲಿ ಸೇರುತ್ತವೆ ಅಂತ ಅದು ಹೇಳಿತು. ನಮ್ಮ ಮಟ್ಟಿಗೆ ಆಕರ ಸಾಮಗ್ರಿ ಅಂದರೆ ಪಡಿಯಚ್ಚು. ನಾವು ಮುಕ್ತ ಮಾಡಿರುವುದು ವಿಶ್ಲೇಷಣೆಯ ಅಧ್ಯಾಯಗಳನ್ನು, ಅಂದರೆ 'ಶಾಸನಗಳಲ್ಲಿ ಸ್ತ್ರೀ', 'ಶಾಸನಗಳಲ್ಲಿ ತೆರಿಗೆ' ಇತ್ಯಾದಿ. ಅವು ಬೇಡ ಅಂತಲ್ಲ. ಆದರೆ ಇಪ್ಪತ್ತು ವರ್ಷದ ಮೇಲೆ ಆ ಅಧ್ಯಾಯಗಳನ್ನು ಬೇರೆಯವರು ಬೇರೆ ಥರ ಬರೆಯುತ್ತಾರೆ. ಹೋದ ಕಲ್ಲಿನ ಪಡಿಯಚ್ಚನ್ನು ಯಾರೂ ಮತ್ತೆ ತೆಗೆಯಲು ಆಗುವುದಿಲ್ಲ. ಅನುಬಂಧವನ್ನು ನಾವು ಬಾಲ ಅಂದುಕೊಂಡಿದ್ದೇವೆ. ಶಾಸನದ ಪ್ರಬಂಧದಲ್ಲಿ ತಲೆ ಇರುವುದೇ ಅಲ್ಲಿ.

ಹೋಲಿಕೆಗೆ ರೈಸ್ ಸಾಹೇಬರನ್ನು ನೋಡಿ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟ, ಕೊಡಗಿನದು, 1886ರಲ್ಲಿ ಬಂತು. ಆ ಮಾಲೆಯಲ್ಲಿ ಶಾಸನದ ಪಾಠವನ್ನು ಕನ್ನಡ ಲಿಪಿಯಲ್ಲಿ ಕೊಟ್ಟರು, ರೋಮನ್ ಲಿಪಿಯಲ್ಲೂ ಕೊಟ್ಟರು, ಇಂಗ್ಲಿಷ್ ಅನುವಾದವನ್ನೂ ಕೊಟ್ಟರು. ಓದುಗ ಯಾವ ಬಾಗಿಲಿನಿಂದ ಬಂದರೂ ಒಳಗೆ ಬರಲಿ ಅಂತ. ತಾಲ್ಲೂಕು, ಅದರೊಳಗೆ ಸಂಖ್ಯೆ, ಶಾಸನ ಎಲ್ಲಿದೆ ಅನ್ನುವ ಒಂದು ಸಾಲು, ಇವು ತಪ್ಪುತ್ತಿರಲಿಲ್ಲ. ಅವರ ಓದಿನಲ್ಲಿ ತಪ್ಪುಗಳಿವೆ, ಆದರೆ ಶಾಸನವನ್ನು ಹುಡುಕಿ ತೆಗೆಯುವುದಕ್ಕೆ ಎಂದೂ ಕಷ್ಟವಾಗಲಿಲ್ಲ. ಮೈಸೂರಿನಿಂದ 1972ರಲ್ಲಿ ಶುರುವಾದ ಪರಿಷ್ಕೃತ ಮಾಲೆಯೂ ಊರು, ತಾಲ್ಲೂಕಿನ ಕ್ರಮವನ್ನೇ ಇಟ್ಟುಕೊಂಡಿತು.

ಅದೇ ಮಾತಿಗೆ ಸೇರಿದ ಇನ್ನೊಂದು ಸಣ್ಣ ಕಿರಿಕಿರಿ. ಪ್ರಬಂಧಗಳ ಅಡಿಟಿಪ್ಪಣಿಯಲ್ಲಿ 'ಎ.ಕ. 5' ಅಂತಷ್ಟೇ ಇರುತ್ತದೆ. ರೈಸರ ಐದನೇ ಸಂಪುಟವಾದರೆ ಅದು ಹಾಸನ ಜಿಲ್ಲೆ, ಪರಿಷ್ಕೃತ ಐದಾದರೆ ಮೈಸೂರು ಜಿಲ್ಲೆ. ಯಾವುದು ಅಂತ ಬರೆಯದೇ ಇದ್ದರೆ ಓದುವವನು ಎರಡೂ ಕಡೆ ಅಲೆಯಬೇಕು. ಮಾರ್ಗದರ್ಶಕರು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಭಂಡಾರದ ವಿವರಪುಟಕ್ಕೆ ಬರುತ್ತೇನೆ. ಶೋಧಗಂಗಾ ನಡೆಯುವುದು ಡಿಸ್ಪೇಸ್ ಅನ್ನುವ ಮುಕ್ತ ತಂತ್ರಾಂಶದ ಮೇಲೆ, ಎಂಐಟಿಯವರೂ ಎಚ್‌ಪಿ ಕಂಪನಿಯವರೂ ಸೇರಿ ಮಾಡಿದ್ದು. ಅದರಲ್ಲಿ ವಿವರ ತುಂಬುವುದು ಡಬ್ಲಿನ್ ಕೋರ್ ಅನ್ನುವ ಪದ್ಧತಿಯ ಪ್ರಕಾರ. ಆ ಪದ್ಧತಿಯ ಹದಿನೈದು ಮೂಲ ಅಂಶಗಳಲ್ಲಿ ಒಂದು ಇರುವುದೇ ಈ ಕೃತಿ ಯಾವ ಜಾಗಕ್ಕೆ, ಯಾವ ಕಾಲಕ್ಕೆ ಸಂಬಂಧಿಸಿದ್ದು ಅಂತ ಹೇಳುವುದಕ್ಕೆ. ಶಾಸನದ ಪ್ರಬಂಧಕ್ಕೆ ಹೇಳಿ ಮಾಡಿಸಿದ ಅಂಶ ಅದು. ಒಂದು ದಾಖಲೆಗೆ ಎಷ್ಟು ಫೈಲುಗಳನ್ನಾದರೂ ಸೇರಿಸಬಹುದು, ಪಡಿಯಚ್ಚಿನ ಒಳ್ಳೆಯ ಚಿತ್ರಗಳನ್ನು ಬೇರೆಯಾಗಿಯೇ ಇಡಬಹುದು. ಅಂದರೆ ಪಾತ್ರೆಯಲ್ಲಿ ಜಾಗ ಇದೆ, ನಾವು ಹಾಕುತ್ತಿಲ್ಲ. ಪ್ರಬಂಧವನ್ನು ಏರಿಸುವುದು ಆಯಾ ವಿಶ್ವವಿದ್ಯಾಲಯ, ಅಲ್ಲಿ ಆ ಕೆಲಸ ಬರುವುದು ಗ್ರಂಥಾಲಯದ ಒಬ್ಬಿಬ್ಬರು ಸಿಬ್ಬಂದಿಗೆ. ಭೌತಶಾಸ್ತ್ರದ ಪ್ರಬಂಧಕ್ಕೂ ವೀರಗಲ್ಲಿನ ಪ್ರಬಂಧಕ್ಕೂ ಅವರಿಗೆ ಒಂದೇ ನಮೂನೆ. ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ 'ಶಾಸನ'ಕ್ಕೆ ಒಬ್ಬರು ಒಂದು ಕಾಗುಣಿತ ಹಾಕುತ್ತಾರೆ, ಇನ್ನೊಬ್ಬರು ಇನ್ನೊಂದು. ಅವರನ್ನು ಬೈದು ಉಪಯೋಗವಿಲ್ಲ. ಊರಿನ ಹೆಸರುಗಳ ಪಟ್ಟಿ ಮಾಡಿಕೊಡಬೇಕಾದವರು ಸಂಶೋಧಕರು, ಕೇಳಬೇಕಾದವರು ಮಾರ್ಗದರ್ಶಕರು. ಅನುಬಂಧದ ಇನ್ನೂರು ಶಾಸನಗಳ ಊರು, ಹೋಬಳಿ, ತಾಲ್ಲೂಕು, ಅಂದಾಜು ಕಾಲ, ಹಿಂದೆ ಪ್ರಕಟವಾಗಿದೆಯೋ ಇಲ್ಲವೋ, ಇಷ್ಟನ್ನು ಕನ್ನಡ ಯೂನಿಕೋಡಿನಲ್ಲಿ ಒಂದು ಕಡತ ಮಾಡಿ ಜೊತೆಗಿಟ್ಟರೆ ನನ್ನ ಮೂರು ಸಂಜೆ ಮೂರು ನಿಮಿಷವಾಗುತ್ತಿತ್ತು.

ಸಂಶೋಧಕರ ಕಡೆಯ ಮಾತೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. "ನಾವು ಐದು ವರ್ಷ ಬಸ್ಸಲ್ಲಿ ಅಲೆದು ಓದಿದ್ದನ್ನ ಯಾರೋ ಫೇಸ್‌ಬುಕ್ಕಲ್ಲಿ ತಮ್ಮದು ಅಂತ ಹಾಕ್ಕೋತಾರೆ" ಅಂತ ಗೆಳೆಯರೊಬ್ಬರು ಸಿಟ್ಟಾಗಿದ್ದರು. ನಿಜ, ಹಾಗೆ ಆಗುತ್ತಿದೆ. ನಮ್ಮ ಹವ್ಯಾಸಿ ಬಳಗದಲ್ಲೇ ಮಾಡುವವರಿದ್ದಾರೆ, ಹೆಸರು ಹೇಳದೆ ಪಾಠ ಎತ್ತಿಕೊಂಡು 'ಅಪ್ರಕಟಿತ ಶಾಸನ ಪತ್ತೆ' ಅಂತ ಪತ್ರಿಕೆಗೆ ಕೊಟ್ಟವರೂ ಇದ್ದಾರೆ. ಆದರೆ ಕಳ್ಳತನ ಸುಲಭವಾಗುವುದು ಪ್ರಬಂಧ ಹುಡುಕಿದರೆ ಸಿಗದಂತಿರುವಾಗಲೇ. ಊರಿನ ಹೆಸರು ಹಾಕಿದ ಕೂಡಲೇ 'ಇದನ್ನು ಇಂಥ ವರ್ಷ ಇಂಥವರು ಓದಿದ್ದಾರೆ' ಅಂತ ಮೇಲೆ ಬಂದು ನಿಂತರೆ, ಯಾವ ಪತ್ರಿಕೆಯವರೂ 'ಹೊಸ ಪತ್ತೆ' ಅಂತ ಅಚ್ಚು ಹಾಕುವ ಮುಂಚೆ ಎರಡು ಸಲ ಯೋಚಿಸುತ್ತಾರೆ.

ಇನ್ನೊಂದು ಭಯ ಇದಕ್ಕಿಂತ ದೊಡ್ಡದು: ನಿಧಿಗಳ್ಳರು. ಶಾಸನಕಲ್ಲಿನ ಕೆಳಗೆ ಕೊಪ್ಪರಿಗೆ ಇದೆ ಅಂತ ನಂಬಿ ಅಗೆದು ಕೆಡವುವವರು ನಮ್ಮಲ್ಲಿ ಕಡಿಮೆಯಿಲ್ಲ. ಈ ಕಲ್ಲಿನ ಉಳಿದ ಅರ್ಧಕ್ಕೂ ಅದೇ ಗತಿ ಬರಬಾರದು ಅಂತಲೇ ಊರಿನ ಹೆಸರು ಬರೆದಿಲ್ಲ. ಹಾಗಾದರೆ ಎಲ್ಲ ತೆರೆದಿಡಿ ಅಂತ ಹೇಗೆ ಹೇಳುತ್ತೀರಿ ಅಂತ ನೀವು ಕೇಳಬಹುದು. ಪಾಠ, ಪಡಿಯಚ್ಚು, ಊರು ಇವು ತೆರೆದಿರಲಿ. ಹೊಲದ ನಡುವೆ ಒಂಟಿಯಾಗಿ ನಿಂತ ಕಲ್ಲಾದರೆ ಜಿಪಿಎಸ್ ಗುರುತನ್ನು ವಿಭಾಗದವರು ತಮ್ಮಲ್ಲಿಟ್ಟುಕೊಂಡು ಕೇಳಿದವರಿಗೆ ವಿಚಾರಿಸಿ ಕೊಡಲಿ. ಬ್ಲಾಗಿನಲ್ಲಿ ನಾನು ಊರನ್ನು ಮುಚ್ಚಿದ್ದಕ್ಕೂ ಭಂಡಾರ ಊರನ್ನು ಹೇಳಬೇಕು ಅನ್ನುವುದಕ್ಕೂ ವಿರೋಧ ಇದೆ ಅಂತ ನನಗೂ ಗೊತ್ತು. ಇದರಲ್ಲಿ ನನಗೆ ಪೂರ್ತಿ ಸಮಾಧಾನ ಇಲ್ಲ.

ಮಾಡಿ ತೋರಿಸಿದವರೂ ಇದ್ದಾರೆ. ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಸುತ್ತಲ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ಒಂದೊಂದು ಅಕ್ಷರವನ್ನೂ ಬಿಡಿಯಾಗಿ ಕಾಣುವಂತೆ ಮಾಡಿ, ಜಾಲದಲ್ಲಿ ಎಲ್ಲರಿಗೂ ತೆರೆದಿಡುತ್ತಿದೆ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ನಿಮಗೆ ನೆನಪಿರಬಹುದು. ಅಂಥ ಸ್ಕ್ಯಾನಿನಲ್ಲಿ ಬೆಳಕನ್ನು ಯಾವ ಮಗ್ಗುಲಿಗೆ ಬೇಕಾದರೂ ತಿರುಗಿಸಿ ಅಕ್ಷರ ನೋಡಬಹುದು, ನಿಮ್ಮ ಓದು ಬೇರೆಯಾದರೆ ಜಗಳವನ್ನೂ ಆಡಬಹುದು. ಪ್ರತಿ ಸಂಶೋಧನಾ ವಿದ್ಯಾರ್ಥಿಗೂ ಅಂಥ ಯಂತ್ರ ಎಲ್ಲಿಂದ ಬರಬೇಕು ಅನ್ನುತ್ತೀರಿ, ಸರಿ. ಆದರೆ ಪಡಿಯಚ್ಚನ್ನು ಗೋಡೆಗೆ ತೂಗುಹಾಕಿ ಮೊಬೈಲಿನಲ್ಲಿ ಬಣ್ಣದ ಫೋಟೋ ತೆಗೆಯಲು ಯಂತ್ರ ಬೇಡ. ವಿಶ್ವವಿದ್ಯಾಲಯದ ಭಂಡಾರ ತಗೊಳ್ಳದಿದ್ದರೆ, ಯುರೋಪಿನ ಸರ್ನ್ ಸಂಸ್ಥೆ ನಡೆಸುವ ಜೆನೋಡೋದಂಥ ಉಚಿತ ಭಂಡಾರಗಳಿವೆ. ಯಾವ ದೇಶದ ಸಂಶೋಧಕರಾದರೂ ಅಲ್ಲಿ ಇಡಬಹುದು, ಉಲ್ಲೇಖಿಸಲು ಶಾಶ್ವತ ಸಂಖ್ಯೆಯನ್ನೂ ಕೊಡುತ್ತಾರೆ.

ಕಾಮಗಾವುಂಡನ ವಿಷಯ ಏನಾಯಿತು ಅಂತ ಹೇಳಬೇಕಲ್ಲ. ಪ್ರಬಂಧ ಬರೆದವರು ಈಗ ನಿವೃತ್ತರು. ಪರಿಚಯದವರ ಮೂಲಕ ಫೋನ್ ನಂಬರ್ ಸಿಕ್ಕಿತು. ಹೆದರುತ್ತಲೇ ಕೇಳಿದೆ, "ಸಾರ್, ಆ ಪಡಿಯಚ್ಚು ಇನ್ನೂ ಇದೆಯಾ?" "ಇರಬೇಕು ಕಣ್ರೀ, ಅಟ್ಟದ ಮೇಲೆ ಇರಬೇಕು, ಇಲಿ ಬಿಟ್ಟಿದ್ರೆ" ಅಂದರು.

ಇಲಿ ಬಿಟ್ಟಿತ್ತು. ಹಳೆಯ ದಿನಪತ್ರಿಕೆಯಲ್ಲಿ ಸುತ್ತಿಟ್ಟ ಸುರುಳಿಯನ್ನು ಹಜಾರದಲ್ಲಿ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಪುಸ್ತಕ ಇಟ್ಟೆವು. ಆರನೇ ಸಾಲು ಸ್ಪಷ್ಟವಾಗಿತ್ತು. 'ವ'ವೇ, ಯಾವ ಅನುಮಾನವೂ ಇಲ್ಲದೆ 'ವ'. ಮೇಷ್ಟ್ರು ಒಳಗೆ ಹೋಗಿ ಆಗಿನ ಟಿಪ್ಪಣಿ ಪುಸ್ತಕ ತಂದರು. ಅದರಲ್ಲೂ ಪೆನ್ಸಿಲಿನಲ್ಲಿ 'ಕಾವಗಾವುಂಡ' ಅಂತಲೇ ಇತ್ತು. ಅವರು ಸರಿಯಾಗಿಯೇ ಓದಿದ್ದರು, ತಪ್ಪಿದ್ದು ಟೈಪಿಂಗಿನಲ್ಲಿ. ಇಷ್ಟು ವರ್ಷ ಜಗತ್ತಿಗೆಲ್ಲ ತೆರೆದುಕೊಂಡು ಕೂತಿದ್ದ ಪ್ರತಿಯಲ್ಲಿ ಆ ತಪ್ಪಷ್ಟೇ ಇತ್ತು, ತಿದ್ದುವ ಸಾಕ್ಷಿ ಅಟ್ಟದ ಮೇಲಿತ್ತು.

ಬಾಗಿಲ ಬೆಳಕಿಗೆ ಹಿಡಿದು ಫೋಟೋ ತೆಗೆದುಕೊಂಡೆ. "ಇನ್ನು ಬೇರೆ ಊರಿನವು ಇವೆಯಾ ಸಾರ್?" ಅಂತ ಕೇಳಿದೆ. ಮೇಷ್ಟ್ರು ಅಟ್ಟದ ಕಡೆ ನೋಡಿ, "ಒಂದು ನಲವತ್ತು ಇರಬಹುದು. ಮುಂದಿನ ಭಾನುವಾರ ಬನ್ನಿ, ಏಣಿ ಹಿಡಿಯೋಕೆ ಇನ್ನೊಬ್ಬರನ್ನ ಕರಕೊಂಡು ಬನ್ನಿ" ಅಂದರು.